ಕತ್ತು ನೋವಿನ ಜೊತೆ ತಲೆ ತೂಗಿದ ಹಾಗಾದರೆ: ಕತ್ತು, ಕಣ್ಣು, ಸಮತೋಲನ ಮತ್ತೆ ಹೊಂದಿಸಿಕೊಳ್ಳುವ ಬಗೆ

ತಿಂಗಳುಗಟ್ಟಲೆ ಕತ್ತು ನೋವು ಅನುಭವಿಸಿದವರನ್ನು ಸ್ವಲ್ಪ ಬಿಡಿಸಿ ಕೇಳಿ ನೋಡಿ. ನೋವಿನ ಜೊತೆಗೆ ಇನ್ನೂ ನಾಲ್ಕು ಮಾತು ಹೊರಗೆ ಬರುತ್ತವೆ. ಓದುತ್ತಾ ಓದುತ್ತಾ ಸಾಲು ತಪ್ಪುತ್ತದೆ. ಸಂಜೆಯಾದರೆ ಕಣ್ಣಿನ ಹಿಂದೆ ಎಳೆದ ಹಾಗಾಗುತ್ತದೆ. ಯಾರೋ ಕರೆದರು ಅಂತ ಥಟ್ಟನೆ ತಿರುಗಿದರೆ ಒಂದು ಕ್ಷಣ ಎಲ್ಲ ತೇಲಿದ ಹಾಗೆ. ಕತ್ತಲಲ್ಲಿ ನಡೆಯುವಾಗ ಜೋಲಿ ಹೊಡೆಯುತ್ತದೆ. ಹೆಚ್ಚಿನವರು ಇದನ್ನೆಲ್ಲ ಡಾಕ್ಟರ ಹತ್ತಿರ ಹೇಳುವುದೇ ಇಲ್ಲ. ಕತ್ತಿಗೂ ಇದಕ್ಕೂ ಏನು ಸಂಬಂಧ ಅಂತ ಸುಮ್ಮನಾಗುತ್ತಾರೆ. ಹೇಳಿದರೂ ಕಣ್ಣಿನ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಕಿವಿಯ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಕೊನೆಗೆ "ಟೆನ್ಷನ್ ಮಾಡ್ಕೋಬೇಡಿ" ಅನ್ನುವ ಮಾತು ಕೇಳಿ ಮನೆಗೆ ಬರುತ್ತಾರೆ.

ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಕತ್ತು ಸುಮಾರು 5 ಕಿಲೋ ತೂಕದ ತಲೆಯನ್ನು ಹೊರುತ್ತದೆ. ಜೊತೆಗೆ ತಲೆ ಮೈ ಮೇಲೆ ಯಾವ ಕಡೆ ತಿರುಗಿದೆ, ಎಷ್ಟು ಬಾಗಿದೆ ಅನ್ನುವುದನ್ನು ಎಡೆಬಿಡದೆ ಮಿದುಳಿಗೆ ತಿಳಿಸುತ್ತಲೂ ಇರುತ್ತದೆ. ನೋವು ಹಳೆಯದಾದಾಗ ಈ ಎರಡನೇ ಕೆಲಸ ಕೆಡುತ್ತದೆ. ನಾವು ಮಾತ್ರ ಮಸಾಜ್, ಬಿಸಿ ಶಾಖ, ನೋವಿನ ಮಾತ್ರೆ ಅಂತ ಮೊದಲನೇ ಕೆಲಸದ ಹಿಂದೆಯೇ ಬಿದ್ದಿರುತ್ತೇವೆ. ಎರಡನೆಯದನ್ನು ಗುರುತಿಸುವುದು ಹೇಗೆ, ಮನೆಯಲ್ಲೇ ಅಳೆಯುವುದು ಹೇಗೆ, ಅಭ್ಯಾಸದಿಂದ ಸರಿಪಡಿಸಿಕೊಳ್ಳುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೆರಳಿಟ್ಟು ನೋಡಿ

ಕುರ್ಚಿಗೆ ಒರಗಿ ಕೂತುಕೊಳ್ಳಿ. ಎರಡೂ ಕೈಗಳ ಬೆರಳ ತುದಿಗಳನ್ನು ತಲೆಯ ಹಿಂಭಾಗಕ್ಕೆ ತನ್ನಿ. ತಲೆಬುರುಡೆಯ ಗಟ್ಟಿ ಅಂಚು ಮುಗಿದು ಮೆತ್ತಗಿನ ಜಾಗ ಶುರುವಾಗುತ್ತದಲ್ಲ, ಅಲ್ಲಿ ನಡುಗೆರೆಯಿಂದ ಸ್ವಲ್ಪ ಆಚೆ ಈಚೆ ಬೆರಳನ್ನು ಹಗುರವಾಗಿ ಇಡಿ. ಒತ್ತಬೇಡಿ. ಈಗ ಕಣ್ಣು ಮುಚ್ಚಿ. ತಲೆ ಒಂದಿಷ್ಟೂ ಅಲ್ಲಾಡದ ಹಾಗೆ, ರೆಪ್ಪೆಯ ಒಳಗೇ ಕಣ್ಣುಗುಡ್ಡೆಗಳನ್ನು ಪೂರ್ತಿ ಬಲಕ್ಕೆ, ಆಮೇಲೆ ಪೂರ್ತಿ ಎಡಕ್ಕೆ ಹೊರಳಿಸಿ. ಮೇಲೆ, ಕೆಳಗೆ ನೋಡಿ. ಬೆರಳಿನ ಕೆಳಗೆ ಏನೋ ಸಣ್ಣಗೆ ಬಿಗಿದು ಸಡಿಲವಾದ ಹಾಗೆ ಅನ್ನಿಸುತ್ತದೆ. ಮೊದಲ ಸಲಕ್ಕೆ ಎಲ್ಲರಿಗೂ ಸಿಗುವುದಿಲ್ಲ. ಬೆರಳನ್ನು ಇನ್ನೂ ಹಗುರ ಮಾಡಿ ಮತ್ತೆ ನೋಡಿ.

ಆಡಿದ್ದು ಕಣ್ಣು ಮಾತ್ರ. ಆದರೂ ಕತ್ತಿನ ಸ್ನಾಯು ಎಚ್ಚರವಾಯಿತು. ತಲೆಬುರುಡೆಗೂ ಕತ್ತಿನ ಮೊದಲ ಎರಡು ಮೂಳೆಗಳಿಗೂ ನಡುವೆ ನಾಲ್ಕು ಜೋಡಿ ಪುಟ್ಟ ಸ್ನಾಯುಗಳಿವೆ. ಕತ್ತು ಪಕ್ಕಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧದಷ್ಟು ಈ ಮೊದಲ ಎರಡು ಮೂಳೆಗಳ ನಡುವೆಯೇ ನಡೆಯುತ್ತದೆ. ಸ್ನಾಯು ಎಷ್ಟು ಹಿಗ್ಗಿದೆ ಅಂತ ಅಳೆಯುವ ಸೂಕ್ಷ್ಮ ಅಂಗಗಳು ಮೈಯ ಹೆಚ್ಚಿನ ಸ್ನಾಯುಗಳಲ್ಲಿ ಇರುತ್ತವೆ. ಈ ಪುಟ್ಟ ಸ್ನಾಯುಗಳಲ್ಲಿ ಅವು ಕಿಕ್ಕಿರಿದಿವೆ. ಒಂದು ಸ್ನಾಯುವಿನಲ್ಲಂತೂ ಗ್ರಾಂ ಒಂದಕ್ಕೆ 200ಕ್ಕಿಂತ ಜಾಸ್ತಿ ಎಣಿಸಿದ್ದಾರೆ. ನಾಜೂಕು ಕೆಲಸ ಮಾಡುವ ಕೈಬೆರಳಿನ ಸ್ನಾಯುಗಳೂ ಇದರ ಹತ್ತಿರ ಬರುವುದಿಲ್ಲ. ತಲೆ ಎತ್ತಿ ತಿರುಗಿಸುವ ಬಲಕ್ಕಿಂತ, ತಲೆ ಎಲ್ಲಿದೆ ಅಂತ ಅರಿಯುವುದೇ ಈ ಸ್ನಾಯುಗಳ ದೊಡ್ಡ ಕೆಲಸ.

ಮೂರು ಕಡೆಯ ವರದಿ

ಮಿದುಳಿಗೆ ಸಮತೋಲನದ ಸುದ್ದಿ ಮೂರು ಕಡೆಯಿಂದ ಬರುತ್ತದೆ. ಒಳಕಿವಿ, ತಲೆ ಅಲುಗಿತು, ವಾಲಿತು ಅಂತ ಹೇಳುತ್ತದೆ. ಕಣ್ಣು, ಸುತ್ತಲಿನ ಜಗತ್ತು ಸರಿಯಿತೋ ಇಲ್ಲವೋ ಅಂತ ಹೇಳುತ್ತದೆ. ಮೂರನೆಯದು ಮೈಯ ಅರಿವು. ಪಾದ, ಮಂಡಿ, ಬೆನ್ನು ಎಲ್ಲ ಅದರಲ್ಲಿ ಸೇರುತ್ತವೆ, ಆದರೆ ಕತ್ತಿನ ಪಾಲು ದೊಡ್ಡದು. ಯಾಕೆ ಅಂದರೆ ಒಳಕಿವಿಗೆ ಒಂದು ಮಿತಿಯಿದೆ. ತಲೆ ತಿರುಗಿತು ಅಂತ ಅದಕ್ಕೆ ಗೊತ್ತಾಗುತ್ತದೆ. ಬರೀ ತಲೆ ತಿರುಗಿತೋ, ಇಡೀ ಮೈಯೇ ತಿರುಗಿತೋ ಅಂತ ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾದ್ದು ಕತ್ತು.

ನಡೆಯುವಾಗ ತಲೆ ಅಲುಗಿದರೂ ಎದುರಿನ ಬೋರ್ಡು ಓದಲು ಬರುತ್ತದೆ, ಅಲ್ವಾ? ತಲೆ ಬಲಕ್ಕೆ ತಿರುಗಿದಷ್ಟೇ ಕಣ್ಣು ಎಡಕ್ಕೆ ಸರಿದು ನೋಟವನ್ನು ಹಿಡಿದಿಡುತ್ತದೆ. ಇದನ್ನು ಮುಖ್ಯವಾಗಿ ಮಾಡಿಸುವುದು ಒಳಕಿವಿ, ಅದೂ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಬೇಗ. ಕತ್ತಿನಿಂದಲೂ ಕಣ್ಣಿಗೆ ಇಂಥದೇ ಒಂದು ಪ್ರತಿವರ್ತನೆ ಹೋಗುತ್ತದೆ. ಆರೋಗ್ಯವಾಗಿರುವ ದೊಡ್ಡವರಲ್ಲಿ ಅದು ತೀರಾ ಮೆಲ್ಲಗಿರುತ್ತದೆ. ದೀರ್ಘಕಾಲದ ಕತ್ತು ನೋವಿರುವವರಲ್ಲಿ ಮತ್ತು ವಾಹನ ಅಪಘಾತದಲ್ಲಿ ಕತ್ತು ಜಾಡಿಸಿಕೊಂಡವರಲ್ಲಿ ಅಳೆದು ನೋಡಿದಾಗ ಅದು ಜೋರಾಗಿರುವುದು ಕಂಡಿದೆ. ಒಳಕಿವಿಯ ಪ್ರತಿವರ್ತನೆ ಮಾತ್ರ ಅದಕ್ಕೆ ತಕ್ಕ ಹಾಗೆ ಕಡಿಮೆಯಾಗಿರುವುದಿಲ್ಲ. ಹೀಗಾಗಿ ಕಣ್ಣಿಗೆ ಬೇಕಾದ್ದಕ್ಕಿಂತ ಜಾಸ್ತಿ ಆಜ್ಞೆ ಹೋಗುತ್ತದೆ. ನೋಟ ಜಾರುತ್ತದೆ, ಮಂಜಾಗುತ್ತದೆ, ತಲೆ ತೇಲಿದ ಹಾಗಾಗುತ್ತದೆ.

ಕತ್ತಿನ ಸುದ್ದಿಗೆ ಇಷ್ಟೊಂದು ಬೆಲೆ ಇದೆ ಅನ್ನುವುದಕ್ಕೆ ಎರಡು ಹಳೆಯ ಪ್ರಯೋಗಗಳೇ ಸಾಕು. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕತ್ತಿನ ಆಳಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಕಿವಿಯನ್ನೂ ಕಣ್ಣನ್ನೂ ಮುಟ್ಟಲಿಲ್ಲ. ಆದರೂ ಚುಚ್ಚಿಸಿಕೊಂಡವರಿಗೆ ನಡಿಗೆಯ ಹಿಡಿತ ತಪ್ಪಿತು. ಇನ್ನೊಂದು ಪ್ರಯೋಗದಲ್ಲಿ, ಕತ್ತಲೆ ಕೋಣೆಯಲ್ಲಿ ಕೂತವರ ಕತ್ತಿನ ಹಿಂಭಾಗಕ್ಕೆ ಕಂಪಿಸುವ ಯಂತ್ರ ಹಿಡಿದರೆ, ಎದುರಿಗೆ ನಿಂತೇ ಇರುವ ಬೆಳಕಿನ ಚುಕ್ಕೆ ಸರಿಯುತ್ತಿದೆ ಅಂತ ಅವರಿಗೆ ಕಾಣುತ್ತದೆ. ಕತ್ತು ಸುಳ್ಳು ಹೇಳಿದರೆ ಕಣ್ಣು ನಂಬುತ್ತದೆ.

ನೋವು ಈ ಸುದ್ದಿಯನ್ನು ಹಲವು ದಾರಿಯಲ್ಲಿ ಕೆಡಿಸುತ್ತದೆ. ಊತ ಮತ್ತು ನೋವಿನ ರಾಸಾಯನಿಕಗಳು ಆ ಸೂಕ್ಷ್ಮ ಅಂಗಗಳ ಅಳತೆಯನ್ನು ಏರುಪೇರು ಮಾಡುತ್ತವೆ. ಕತ್ತಿನ ಮುಂಭಾಗದ ಆಳದ ಸ್ನಾಯುಗಳು ಸೋಮಾರಿಯಾಗುತ್ತವೆ, ಮೇಲಿನ ದೊಡ್ಡ ಸ್ನಾಯುಗಳು ಅವುಗಳ ಕೆಲಸವನ್ನೂ ಎಳೆದುಕೊಂಡು ಬಿಗಿಯುತ್ತವೆ. ನೋವಾಗುತ್ತದೆ ಅಂತ ನಾವು ತಲೆ ತಿರುಗಿಸುವುದನ್ನೇ ಕಡಿಮೆ ಮಾಡುತ್ತೇವೆ, ಬಳಕೆ ಇಲ್ಲದೆ ಅರಿವು ಇನ್ನಷ್ಟು ಮಂಕಾಗುತ್ತದೆ.

ತಿರುಗುಮುರುಗಾಗಿಯೂ ಆಗುತ್ತದೆ. ಇದನ್ನು ಮರೆತರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಕಣ್ಣುಗಳೆರಡೂ ಹತ್ತಿರದ ವಸ್ತುವಿನ ಮೇಲೆ ಸರಿಯಾಗಿ ಕೂಡದಿದ್ದರೆ, ಗೊತ್ತಿಲ್ಲದೆ ತಲೆಯನ್ನು ವಾರೆ ಹಿಡಿದು ಓದುತ್ತೇವೆ. ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕ ಹಾಕಿದವರು ಕಂಪ್ಯೂಟರ್ ನೋಡಲು ಗದ್ದ ಎತ್ತುತ್ತಾರೆ. ಒಳಕಿವಿಯ ತೊಂದರೆ ಇದ್ದವರು ತಲೆಸುತ್ತು ಬರದಿರಲಿ ಅಂತ ಕತ್ತನ್ನು ಬಿಗಿಹಿಡಿದು ಓಡಾಡುತ್ತಾರೆ. ಇವರಿಗೆ ಕತ್ತು ನೋವು ಬಂದದ್ದು ಕಣ್ಣಿನಿಂದ, ಕಿವಿಯಿಂದ. ಕತ್ತಿಗೆ ಎಷ್ಟು ಮಸಾಜ್ ಮಾಡಿದರೂ ಮರುವಾರ ಅದೇ ಕಥೆ.

ಹಂತ 1: ಇದು ಮನೆಯಲ್ಲಿ ನೋಡುವಂಥದ್ದೇ ಅಂತ ಖಚಿತ ಮಾಡಿಕೊಳ್ಳಿ

ಈ ಹಂತವನ್ನು ಯಾರೂ ಹಾರಿಸಬಾರದು. ಹಿಂದೆಂದೂ ಬಾರದಂಥ ಕತ್ತು ನೋವೋ ತಲೆನೋವೋ ಏಕಾಏಕಿ ಬಂದರೆ, ಎರಡೆರಡು ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ, ಮುಖದ ಒಂದು ಭಾಗ ಮರಗಟ್ಟಿದರೆ, ರೆಪ್ಪೆ ಜೋತರೆ, ಇದ್ದಕ್ಕಿದ್ದಂತೆ ಕಾಲು ಸೋತು ಬಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕತ್ತಿನ ರಕ್ತನಾಳದ ಒಳಪದರ ಹರಿದಾಗ, ಪಾರ್ಶ್ವವಾಯು ಆಗುವಾಗ ಹೀಗಾಗಬಹುದು. ಬಿದ್ದ ಮೇಲೆ ಅಥವಾ ಅಪಘಾತದ ಮೇಲೆ ಶುರುವಾದ ನೋವಾದರೆ ಮೂಳೆ ಮುರಿದಿಲ್ಲ ಅಂತ ತಿಳಿಯುವವರೆಗೆ ಯಾವ ವ್ಯಾಯಾಮವೂ ಬೇಡ.

ಕೈಬೆರಳು ಒರಟಾಗಿ ಗುಂಡಿ ಹಾಕಿಕೊಳ್ಳಲು ಕಷ್ಟವಾಗುವುದು, ಕಾಲು ಬಿಗಿದು ನಡಿಗೆ ಬದಲಾಗುವುದು, ಮೂತ್ರದ ಹಿಡಿತ ತಪ್ಪುವುದು, ಇವು ಬೆನ್ನುಹುರಿ ಒತ್ತಿಕೊಂಡಿರುವ ಸೂಚನೆ ಆಗಬಹುದು. ಜ್ವರದ ಜೊತೆ ಕತ್ತು ಸೆಟೆದುಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಇದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. 50 ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕದಲ್ಲಿ ನೋವು, ಅಗಿಯುವಾಗ ದವಡೆ ನೋವು, ನೋಟ ಮಬ್ಬಾಗುವುದು ಸೇರಿ ಬಂದರೆ ಅವತ್ತೇ ತೋರಿಸಬೇಕು. ತಡವಾದರೆ ಕಣ್ಣೇ ಹೋಗಬಹುದು.

ಹಂತ 2: ಕತ್ತಿನ ತಲೆಸುತ್ತೋ, ಬೇರೆಯದೋ

ಕತ್ತಿನಿಂದ ಬರುವ ತಲೆಸುತ್ತು ಸಾಮಾನ್ಯವಾಗಿ ಗಿರಗಿರ ತಿರುಗುವಂಥದ್ದಲ್ಲ. ತೇಲಿದ ಹಾಗೆ, ಓಲಾಡಿದ ಹಾಗೆ, ತಲೆ ಹಗುರಾದ ಹಾಗೆ ಅಂತ ಜನ ಹೇಳುತ್ತಾರೆ. ಕತ್ತು ನೋವು ಜಾಸ್ತಿಯಾದ ದಿನ ಅದೂ ಜಾಸ್ತಿ, ನೋವು ಇಳಿದರೆ ಅದೂ ಇಳಿಯುತ್ತದೆ. ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಇರುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲೆ ನೋಡಿದಾಗ ಇಡೀ ಕೋಣೆ ಸುತ್ತಿ, ಒಂದು ನಿಮಿಷದೊಳಗೆ ನಿಂತುಹೋದರೆ ಅದು ಹೆಚ್ಚಾಗಿ ಒಳಕಿವಿಯ ಹರಳು ಜಾಗ ತಪ್ಪಿದ್ದರಿಂದ. ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ತರುವ ಚಿಕಿತ್ಸೆ ಇದೆ. ಒಂದೆರಡು ಭೇಟಿಯಲ್ಲೇ ಬಹಳಷ್ಟು ಜನಕ್ಕೆ ವಾಸಿಯಾಗುತ್ತದೆ. ಅದನ್ನು ಕತ್ತಿನದು ಅಂದುಕೊಂಡು ವರ್ಷಗಟ್ಟಲೆ ನರಳುವವರನ್ನು ಕಂಡರೆ ಸಂಕಟವಾಗುತ್ತದೆ. ಕಿವಿ ಗುಂಯ್‌ಗುಡುವುದು, ಕೇಳಿಸುವುದು ಕಡಿಮೆಯಾಗುವುದು ಜೊತೆಗಿದ್ದರೆ ಕಿವಿಯ ಡಾಕ್ಟರನ್ನು ನೋಡಿ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ ನೋಡಿಸಿ. ಮೈಗ್ರೇನ್‌ನಿಂದಲೂ ತಲೆಸುತ್ತು ಬರುತ್ತದೆ. ಕತ್ತಿನ ತಲೆಸುತ್ತನ್ನು ಖಚಿತಪಡಿಸುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿಯೇ ಅದಕ್ಕೆ ಬರಬೇಕು. ಎಕ್ಸ್-ರೇಯಲ್ಲಿ "ಮೂಳೆ ಸವೆದಿದೆ" ಅಂತ ಬಂದ ಮಾತ್ರಕ್ಕೆ ತಲೆಸುತ್ತು ಅದರಿಂದಲೇ ಅಂತ ಅಂದುಕೊಳ್ಳಬೇಡಿ. ವಯಸ್ಸಾದಂತೆ ನೋವೇ ಇಲ್ಲದವರ ಕತ್ತಿನಲ್ಲೂ ಸವೆತ ಕಾಣುತ್ತದೆ.

ತಿರುಗುವ ಕುರ್ಚಿ ಇದ್ದರೆ ಒಂದು ಸುಳಿವು ಸಿಗುತ್ತದೆ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ. ಜೊತೆಗಾರರು ನಿಮ್ಮ ತಲೆಯನ್ನು ಎರಡೂ ಕೈಯಿಂದ ಮೃದುವಾಗಿ, ಅಲುಗದ ಹಾಗೆ ಹಿಡಿಯಲಿ. ನೀವು ಪಾದದಿಂದ ಕುರ್ಚಿಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ. ಈಗ ತಲೆ ಅಲುಗಿಲ್ಲ, ಒಳಕಿವಿಗೆ ಕೆಲಸವಿಲ್ಲ. ತಿರುಗುತ್ತಿರುವುದು ಕತ್ತು ಮಾತ್ರ. ಆಮೇಲೆ ತಲೆ, ಮೈ ಎರಡೂ ಒಟ್ಟಿಗೆ ತಿರುಗುವ ಹಾಗೆ ಕುರ್ಚಿ ತಿರುಗಿಸಿ. ಈಗ ಒಳಕಿವಿಗೆ ಕೆಲಸ, ಕತ್ತಿಗೆ ವಿರಾಮ. ಮೊದಲನೆಯದರಲ್ಲಿ ತಲೆ ತೇಲಿ, ಎರಡನೆಯದರಲ್ಲಿ ಏನೂ ಆಗದಿದ್ದರೆ ಅನುಮಾನ ಕತ್ತಿನ ಕಡೆ ವಾಲುತ್ತದೆ. ಇದು ಸುಳಿವು ಅಷ್ಟೇ. ಕೊನೆಯ ಮಾತು ಡಾಕ್ಟರದು ಅಥವಾ ತಲೆಸುತ್ತಿನ ಅನುಭವ ಇರುವ ಫಿಸಿಯೋಥೆರಪಿಸ್ಟರದು.

ಹಂತ 3: ಅಳೆದು ಬರೆದಿಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಳೆಯದೆ ಶುರು ಮಾಡಿದರೆ ಎರಡು ವಾರದಲ್ಲಿ "ಏನೂ ಆಗ್ಲಿಲ್ಲ" ಅಂತ ಬಿಟ್ಟುಬಿಡುತ್ತೀರಿ. ಈ ಸಮಸ್ಯೆಯಲ್ಲಿ ನೋವಿಗಿಂತ ಮುಂಚೆ ಅಳತೆಯಲ್ಲಿ ಸುಧಾರಣೆ ಕಾಣುವುದುಂಟು.

ಮುಖ್ಯವಾದದ್ದು ತಲೆಯ ಅರಿವಿನ ಪರೀಕ್ಷೆ. ಒಂದು ಲೇಸರ್ ಪಾಯಿಂಟರನ್ನು ಹಣೆಪಟ್ಟಿಗೆ ಕಟ್ಟಿ ನಡುನೆತ್ತಿಯ ನೇರಕ್ಕೆ ಬರುವಂತೆ ಇಟ್ಟುಕೊಳ್ಳಿ. ಬೆಳಕು ಯಾರ ಕಣ್ಣಿಗೂ, ಕನ್ನಡಿಗೂ ಬೀಳದಂತೆ ನೋಡಿಕೊಳ್ಳಿ. ಗೋಡೆಯಿಂದ 90 ಸೆಂಟಿಮೀಟರ್ ದೂರದಲ್ಲಿ, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ. ತಲೆ ನೇರವಾಗಿದ್ದಾಗ ಚುಕ್ಕೆ ಬೀಳುವ ಜಾಗಕ್ಕೆ ಒಂದು ಕಾಗದ ಅಂಟಿಸಿ, ಗುರುತು ಹಾಕಿ. ಕೆಲವು ಸೆಕೆಂಡು ಆ ಸ್ಥಿತಿಯನ್ನು ಮನಸ್ಸಿನಲ್ಲಿ ಹಿಡಿದು ಕಣ್ಣು ಮುಚ್ಚಿ. ತಲೆಯನ್ನು ಹಾಯಾಗಿ ತಿರುಗುವಷ್ಟು ಬಲಕ್ಕೆ ತಿರುಗಿಸಿ, ಮತ್ತೆ ಶುರುವಿನ ಜಾಗಕ್ಕೆ ಬಂದೆ ಅನ್ನಿಸಿದ ಕಡೆ ನಿಲ್ಲಿಸಿ. ಜೊತೆಗಾರರು ಚುಕ್ಕೆ ಬಿದ್ದಲ್ಲಿ ಗುರುತು ಹಾಕಲಿ. ಹೀಗೆ ಪ್ರತಿ ದಿಕ್ಕಿಗೂ ಆರು ಸಲ ಮಾಡಿ: ಬಲ, ಎಡ, ಮೇಲೆ, ಕೆಳಗೆ. ಪ್ರತಿ ಸಲವೂ ಕಣ್ಣು ತೆರೆಯುವ ಮುಂಚೆ ಜೊತೆಗಾರರೇ ನಿಮ್ಮ ತಲೆಯನ್ನು ಮೊದಲ ಗುರುತಿಗೆ ತರಲಿ. ಇಲ್ಲದಿದ್ದರೆ ನೀವು ಕಣ್ಣಿನಿಂದ ಕಲಿತುಬಿಡುತ್ತೀರಿ.

ಸರಾಸರಿ ತಪ್ಪು ಸುಮಾರು 7 ಸೆಂಟಿಮೀಟರ್ ದಾಟಿದರೆ, ಅಂದರೆ 4.5 ಡಿಗ್ರಿಗಿಂತ ಜಾಸ್ತಿ ಇದ್ದರೆ, ಕತ್ತಿನ ಅರಿವು ಮಂಕಾಗಿದೆ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಈ ಅಳತೆಯನ್ನು 1991ರಲ್ಲಿ ಫ್ರಾನ್ಸಿನ ರೆವೆಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಂದಿಗೂ ಫಿಸಿಯೋಥೆರಪಿಯಲ್ಲಿ ಅದೇ ಬಳಕೆಯಲ್ಲಿದೆ. ಚುಕ್ಕೆ ನಡುಗುತ್ತಾ, ತಡಕಾಡುತ್ತಾ ಬಂತೇ, ಗುರುತನ್ನು ದಾಟಿ ಹೋಯಿತೇ ಅನ್ನುವುದನ್ನೂ ಬರೆಯಿರಿ.

ಎರಡನೆಯದು ಕಣ್ಣಿನ ಹಿಂಬಾಲಿಕೆ. ಜೊತೆಗಾರರು ಪೆನ್ನಿನ ತುದಿಯನ್ನು ಒಂದು ಮಾರು ದೂರದಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಲಿ. ತಲೆ ಆಡಿಸದೆ ಕಣ್ಣಲ್ಲೇ ಹಿಂಬಾಲಿಸಿ. ಆಮೇಲೆ ತಲೆ ಪೆನ್ನಿನ ಕಡೆಗೇ ಇರುವಂತೆ ಕುರ್ಚಿಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ ಅದನ್ನೇ ಮಾಡಿ, ನಂತರ ಎಡಕ್ಕೂ ತಿರುಗಿಸಿ ಮಾಡಿ. ಮೈ ತಿರುಗಿದಾಗ ಮಾತ್ರ ಕಣ್ಣು ಕುಪ್ಪಳಿಸಿದರೆ, ಮಂಜಾದರೆ, ತಲೆ ತೇಲಿದರೆ ಕತ್ತಿನ ಪಾತ್ರ ಇದೆ ಅನ್ನಬಹುದು. ಎರಡೂ ಸ್ಥಿತಿಯಲ್ಲಿ ಒಂದೇ ಥರ ಆದರೆ ಕತ್ತನ್ನು ದೂರುವುದಕ್ಕೆ ಆಧಾರ ಕಡಿಮೆ. ಈ ಪರೀಕ್ಷೆಯ ಮೇಲೆ ಪೂರ್ತಿ ಭಾರ ಹಾಕಬೇಡಿ. ಬರಿಗಣ್ಣಿಗೆ ಸಣ್ಣ ವ್ಯತ್ಯಾಸ ಸಿಗುವುದಿಲ್ಲ.

ಮೂರನೆಯದು, ಪೆನ್ನಿನ ತುದಿಯನ್ನು ಮೂಗಿನ ಕಡೆ ತರುತ್ತಾ ಎಲ್ಲಿ ಎರಡಾಗಿ ಕಾಣುತ್ತದೆ ಅಂತ ನೋಡುವುದು. 10 ಸೆಂಟಿಮೀಟರಿಗಿಂತ ದೂರದಲ್ಲೇ ಎರಡಾದರೆ ಕಣ್ಣಿನ ತಜ್ಞರಿಗೆ ತೋರಿಸಿ.

ಕೊನೆಗೆ ನಿಲ್ಲುವ ಪರೀಕ್ಷೆ. ಗೋಡೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿ ಇಟ್ಟು ನಿಲ್ಲಿ. ಪಾದ ಜೋಡಿಸಿ, ಆಮೇಲೆ ಒಂದರ ಮುಂದೆ ಒಂದು ಇಟ್ಟು, ಕಣ್ಣು ತೆರೆದು 30 ಸೆಕೆಂಡು, ಮುಚ್ಚಿ 30 ಸೆಕೆಂಡು. ಎಷ್ಟು ಹೊತ್ತು ನಿಂತಿರಿ ಅಂತ ಬರೆದಿಡಿ. ಬೀಳುವ ಭಯ ಇದ್ದವರು, ವಯಸ್ಸಾದವರು ಒಬ್ಬರೇ ಇದ್ದಾಗ ಮಾಡಬಾರದು.

ಹಂತ 4: ಅಭ್ಯಾಸ

ಶುರು ಮಾಡುವ ಮುಂಚೆ ಅಳತೆಗೋಲು ಯಾವುದು ಅಂತ ತಿಳಿದಿರಲಿ. ಅಭ್ಯಾಸದಲ್ಲಿ ತಲೆ ಸ್ವಲ್ಪ ತೇಲಿದರೆ, ಕಣ್ಣು ದಣಿದರೆ ಪರವಾಗಿಲ್ಲ, ಆದರೆ 15 ನಿಮಿಷದೊಳಗೆ ಮೊದಲಿನ ಹಾಗಾಗಬೇಕು. ಹತ್ತರಲ್ಲಿ ಅಳೆದರೆ ನೋವು ಎರಡು ಅಂಕಕ್ಕಿಂತ ಜಾಸ್ತಿ ಏರಬಾರದು. ಮರುದಿನಕ್ಕೂ ಉಳಿದರೆ ನೀವು ಮಾಡಿದ್ದು ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಒಂದೇ ಸಲ ಅರ್ಧ ಗಂಟೆ ಕೂರುವುದಕ್ಕಿಂತ ಒಂದೆರಡು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಮಾಡುವುದು ಒಳ್ಳೆಯದು. ಎಲ್ಲ ಅಭ್ಯಾಸಗಳನ್ನೂ ಮೊದಲ ದಿನವೇ ಹಿಡಿಯಬೇಡಿ. ನಿಮ್ಮ ಅಳತೆಯಲ್ಲಿ ಯಾವುದು ಕೆಟ್ಟದಾಗಿತ್ತೋ ಅದರಿಂದ ಎರಡನ್ನು ಆರಿಸಿಕೊಳ್ಳಿ.

ತಲೆಯ ಅರಿವಿಗೆ ಲೇಸರ್ ಮತ್ತೆ ಬೇಕು. ಕಾಗದದ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಮಲಗಿಸಿದ ಎಂಟರ ಆಕಾರ ಬರೆದು ಗೋಡೆಗೆ ಅಂಟಿಸಿ. ತಲೆ ಆಡಿಸಿ ಚುಕ್ಕೆಯನ್ನು ಗೆರೆಯ ಮೇಲೆಯೇ ನಡೆಸಿ. ಬೇಗ ಬೇಡ, ನಿಧಾನವಾಗಿ. ಚುಕ್ಕೆ ಎಲ್ಲಿ ನಡುಗುತ್ತದೆ ಅಂತ ಗಮನಿಸಿ. ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಒಂದೇ ದಿಕ್ಕಿನಲ್ಲಿ ಅದು ಮತ್ತೆ ಮತ್ತೆ ಕೈಕೊಡುತ್ತದೆ. ಆ ಚಿಕ್ಕ ತುಂಡನ್ನೇ ಹತ್ತು ಸಲ ಮಾಡಿ. ಗೆರೆ ನಯವಾದ ಮೇಲೆ ಕಣ್ಣು ಮುಚ್ಚಿ ಮಾಡುವ ಅಭ್ಯಾಸಕ್ಕೆ ಹೋಗಿ: ತಲೆ ತಿರುಗಿಸಿ, ವಾಪಸ್ ಬನ್ನಿ, ಕಣ್ಣು ತೆರೆದು ಎಷ್ಟು ತಪ್ಪಿತು ಅಂತ ನೋಡಿ, ತಲೆಯನ್ನು ಸರಿಯಾದ ಜಾಗಕ್ಕೆ ತನ್ನಿ, ಆ ಜಾಗ ಹೇಗನ್ನಿಸುತ್ತದೆ ಅಂತ ಒಂದು ಕ್ಷಣ ಅರಿತುಕೊಳ್ಳಿ. ಪರೀಕ್ಷೆಯಲ್ಲಿ ಕಣ್ಣಿಗೆ ಉತ್ತರ ಕಾಣಬಾರದಿತ್ತು, ಅಭ್ಯಾಸದಲ್ಲಿ ಕಾಣಲೇಬೇಕು. ಕಲಿಕೆ ನಡೆಯುವುದೇ ಆ ತಿದ್ದುಪಡಿಯಲ್ಲಿ. ಲೇಸರ್ ಇಲ್ಲದವರು ಮೂಗಿನ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆದ ಹಾಗೆ ಮಾಡಬಹುದು, ಆದರೆ ತಪ್ಪು ಕಾಣದ ಕಾರಣ ಫಲ ಕಡಿಮೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ರೆವೆಲ್ ತಂಡ 1994ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಎಂಟು ವಾರ ಕಣ್ಣು ಮತ್ತು ತಲೆಯ ಹೊಂದಾಣಿಕೆ ಅಭ್ಯಾಸ ಮಾಡಿದವರಿಗೆ ತಲೆಯ ಅರಿವೂ ಸುಧಾರಿಸಿತು, ನೋವೂ ಇಳಿಯಿತು.

ಮುಂದಿನದು ನೋಟ ಹಿಡಿದಿಡುವುದು. ಒಂದು ಅಕ್ಷರವನ್ನು ಕಣ್ಣಿನ ಎತ್ತರಕ್ಕೆ ಅಂಟಿಸಿ. ಅದರ ಮೇಲೆ ಕಣ್ಣಿಟ್ಟು ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿ. ಅಕ್ಷರದ ಅಂಚು ಮಂಜಾಗದಷ್ಟು ವೇಗ ಮಾತ್ರ. ಕೂತು ಕಷ್ಟವಾದರೆ ಮಲಗಿ, ಚಾವಣಿಯ ಒಂದು ಚುಕ್ಕೆಯನ್ನು ನೋಡುತ್ತಾ ಮಾಡಿ. ತಲೆಯ ಭಾರ ಇಳಿದಾಗ ಕತ್ತು ಬಿಗಿಯುವುದಿಲ್ಲ. ಅರ್ಧ ನಿಮಿಷ ಸಲೀಸಾದ ಮೇಲೆ ಒಂದೊಂದಾಗಿ ಕಷ್ಟ ಹೆಚ್ಚಿಸಿ. ಮೊದಲು ವೇಗ, ಆಮೇಲೆ ನಿಂತು ಮಾಡುವುದು, ಆಮೇಲೆ ಅಕ್ಷರದ ಹಿಂದೆ ಪಟ್ಟೆ ಪಟ್ಟೆ ಬಟ್ಟೆ ತೂಗು ಹಾಕುವುದು. ಸಾಲು ಸಾಲು ಕಪಾಟುಗಳ ನಡುವೆ, ಜನಜಂಗುಳಿಯಲ್ಲಿ ತಲೆ ತೇಲುವವರಿಗೆ ಈ ಕೊನೆಯದು ತುಂಬ ಬೇಕು.

ಹಿಂಬಾಲಿಕೆಗೆ ನಿಮ್ಮದೇ ಹೆಬ್ಬೆರಳು ಸಾಕು. ಕೈ ಚಾಚಿ ಹೆಬ್ಬೆರಳನ್ನು ನಿಧಾನವಾಗಿ ಸರಿಸಿ, ತಲೆ ಆಡದೆ ಕಣ್ಣಿಂದ ಹಿಂಬಾಲಿಸಿ. ಸಲೀಸಾದರೆ ಕುರ್ಚಿಯನ್ನು 30 ಡಿಗ್ರಿ, ಆಮೇಲೆ 45 ಡಿಗ್ರಿ ತಿರುಗಿಸಿ ಕೂತು ಮಾಡಿ.

ಕಣ್ಣು ಮೊದಲು, ತಲೆ ಆಮೇಲೆ ಅನ್ನುವ ಅಭ್ಯಾಸ ಹಳೆ ನೋವಿನವರಿಗೆ ವಿಶೇಷವಾಗಿ ಹಿಡಿಸುತ್ತದೆ. ಗೋಡೆಯ ಮೇಲೆ ಎರಡು ಗುರುತು, ಸುಮಾರು ಒಂದು ಮಾರು ಅಂತರದಲ್ಲಿ. ಮೊದಲು ಕಣ್ಣನ್ನು ಬಲ ಗುರುತಿಗೆ ಒಯ್ಯಿರಿ, ಅಲ್ಲಿ ನಿಲ್ಲಿಸಿ, ಆಮೇಲೆ ತಲೆಯನ್ನು ಅಲ್ಲಿಗೆ ತನ್ನಿ. ಮತ್ತೆ ಕಣ್ಣು ಎಡಕ್ಕೆ, ತಲೆ ಹಿಂದೆಯೇ. ನೋವಿಗೆ ಹೆದರಿದವರು ಕಣ್ಣು, ತಲೆ, ಹೆಗಲು ಎಲ್ಲವನ್ನೂ ಒಂದೇ ಗಟ್ಟಿಯಾಗಿ ತಿರುಗಿಸುತ್ತಾರೆ. ಈ ಅಭ್ಯಾಸ ಆ ಕಟ್ಟನ್ನು ಬಿಡಿಸುತ್ತದೆ. ಎಷ್ಟೋ ಸಲ ಕಣ್ಣು ಮುಂದೆ ಹೋದಾಗ ತಲೆ ಇನ್ನೂ ನಾಲ್ಕು ಬೆರಳು ಜಾಸ್ತಿ ತಿರುಗುವುದನ್ನು ನೋಡಬಹುದು. ಇನ್ನೂ ಮುಂದೆ ಹೋದವರು ಕಣ್ಣು ಬಲಕ್ಕೆ, ತಲೆ ಎಡಕ್ಕೆ ಅಂತ ವಿರುದ್ಧ ದಿಕ್ಕಿನಲ್ಲೂ ಮಾಡಬಹುದು. ಅದು ಕಠಿಣ, ಅವಸರ ಬೇಡ.

ಸಮತೋಲನದ ಅಭ್ಯಾಸವನ್ನು ನೀವು ಪರೀಕ್ಷೆಯಲ್ಲಿ ಎಲ್ಲಿ ಎಡವಿದಿರೋ ಅಲ್ಲಿಂದ ಹಿಡಿಯಿರಿ. ಪಾದ ಜೋಡಿಸಿ ನಿಲ್ಲುವುದು ಸುಲಭವಾದರೆ ಒಂದರ ಮುಂದೆ ಒಂದು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ದಪ್ಪ ಫೋಮ್ ದಿಂಬಿನ ಮೇಲೆ. ಪ್ರತಿಯೊಂದರಲ್ಲೂ ಮೂಲೆ ಮತ್ತು ಕುರ್ಚಿಯ ಆಸರೆ ಇರಲಿ. ಬರೀ ನಿಂತು ಅಭ್ಯಾಸ ಮಾಡಿ ನಿಲ್ಲಿಸಬೇಡಿ. ನಿಜವಾದ ತೊಂದರೆ ನಡೆಯುವಾಗ ತಲೆ ತಿರುಗಿಸಿದಾಗ ಬರುತ್ತದೆ. ಹಾಗಾಗಿ ಉದ್ದನೆಯ ಹಜಾರದಲ್ಲಿ ಮೂರು ಹೆಜ್ಜೆಗೊಮ್ಮೆ ಬಲಕ್ಕೆ, ಮೂರು ಹೆಜ್ಜೆಗೊಮ್ಮೆ ಎಡಕ್ಕೆ ನೋಡುತ್ತಾ ನಡೆಯಿರಿ. ಹೆಜ್ಜೆ ವಾರೆಯಾಗದ ದಿನ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ.

ಇವುಗಳ ಜೊತೆಗೆ ಕತ್ತಿನ ಆಳದ ಸ್ನಾಯುಗಳನ್ನೂ ಎಬ್ಬಿಸಬೇಕು. ಮಂಡಿ ಮಡಚಿ ಅಂಗಾತ ಮಲಗಿ. ತಲೆ ಎತ್ತದೆ, ಗದ್ದವನ್ನು ಕೂದಲೆಳೆಯಷ್ಟು ಒಳಗೆ ತಂದು "ಹೌದು" ಅಂತ ಸಣ್ಣಗೆ ತಲೆಯಾಡಿಸಿದ ಹಾಗೆ ಮಾಡಿ, 10 ಸೆಕೆಂಡು ಹಿಡಿಯಿರಿ. ಹತ್ತು ಸಲ. ಕತ್ತಿನ ಪಕ್ಕದ ಹುರಿಯಂಥ ಸ್ನಾಯು ಎದ್ದು ಕಂಡರೆ ಬಲ ಜಾಸ್ತಿಯಾಯಿತು ಅಂತ ಅರ್ಥ. ಫಿಸಿಯೋಥೆರಪಿಸ್ಟರು ಕತ್ತಿನ ಕೆಳಗೆ ಗಾಳಿ ತುಂಬಿದ ಪುಟ್ಟ ಚೀಲ ಇಟ್ಟು, ಒತ್ತಡದ ಮುಳ್ಳು ನೋಡಿಕೊಂಡು ಇದನ್ನು ಹೇಳಿಕೊಡುತ್ತಾರೆ. ಒಂದು ಸಲ ಹಾಗೆ ಕಲಿತರೆ ಮನೆಯಲ್ಲಿ ತಪ್ಪುವುದಿಲ್ಲ. ಅವರ ಕೈಯಿಂದ ಮಾಡುವ ಮೃದುವಾದ ಕೀಲು ಚಿಕಿತ್ಸೆಯೂ ನೋವು ಇಳಿಸಿ ಅಭ್ಯಾಸಕ್ಕೆ ದಾರಿ ಮಾಡಿಕೊಡುತ್ತದೆ. ಯಾರೋ ಕತ್ತನ್ನು ಜೋರಾಗಿ ತಿರುಚಿ ಲಟಕ್ ಅನ್ನಿಸುವುದನ್ನು ಮಾತ್ರ ಮಾಡಿಸಿಕೊಳ್ಳಬೇಡಿ, ಅದರಲ್ಲೂ ತಲೆಸುತ್ತು ಇರುವಾಗ.

ದಿನದ ಉಳಿದ ಹೊತ್ತು

ಕತ್ತಿನ ಪಟ್ಟಿಯನ್ನು ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ದಿನ ಕಟ್ಟಬೇಡಿ. ಆಡದ ಕತ್ತು ಸುದ್ದಿ ಕಳಿಸುವುದನ್ನೇ ಮರೆಯುತ್ತದೆ. ತಲೆಸುತ್ತು ತಡೆಯುವ ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಇನ್ನೂ ಬೇಕೇ ಅಂತ ಡಾಕ್ಟರನ್ನು ಕೇಳಿ. ಅಂಥ ಕೆಲವು ಮಾತ್ರೆಗಳು ಮಿದುಳು ಹೊಂದಿಕೊಳ್ಳುವುದನ್ನು ನಿಧಾನ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಪ್ರೊಗ್ರೆಸಿವ್ ಕನ್ನಡಕದವರು ಪರದೆಯನ್ನು ಸ್ವಲ್ಪ ಕೆಳಗಿಳಿಸಿ, ಇಲ್ಲವೇ ಕಂಪ್ಯೂಟರಿಗೆ ಬೇರೆ ಕನ್ನಡಕ ಮಾಡಿಸಿ. ಓಡುವ ವಾಹನದಲ್ಲಿ ಮೊಬೈಲ್ ಓದುವುದನ್ನು ಈ ದಿನಗಳಲ್ಲಿ ಬಿಡಿ. ರಾತ್ರಿ ಏಳುವ ದಾರಿಯಲ್ಲಿ ಸಣ್ಣ ದೀಪ ಇರಲಿ. ಕತ್ತು ಮಂಕಾದವರ ಮಿದುಳು ಕಣ್ಣಿನ ಮೇಲೆ ಜಾಸ್ತಿ ಆತುಕೊಂಡಿರುತ್ತದೆ. ಕತ್ತಲಲ್ಲಿ ಆ ಆಸರೆಯೂ ಹೋಗುತ್ತದೆ.

ಮತ್ತೆ ಅಳೆಯಿರಿ

ಎರಡು ವಾರಕ್ಕೊಮ್ಮೆ ಹಂತ 3ರ ಪರೀಕ್ಷೆಗಳನ್ನು ಅದೇ ಕುರ್ಚಿ, ಅದೇ ದೂರ, ದಿನದ ಅದೇ ಹೊತ್ತಿನಲ್ಲಿ ಮಾಡಿ. ಲೇಸರ್ ತಪ್ಪು 9 ಸೆಂಟಿಮೀಟರಿನಿಂದ 6ಕ್ಕೆ ಇಳಿದು ನೋವು ಹಾಗೇ ಇದ್ದರೆ ದಾರಿ ಸರಿಯಿದೆ, ಮುಂದುವರಿಸಿ. ನೋವು ಇಳಿದು ತಪ್ಪು ಹಾಗೇ ಇದ್ದರೂ ನಿಲ್ಲಿಸಬೇಡಿ. ನೋವು ಹೋದ ಮಾತ್ರಕ್ಕೆ ಅರಿವು ತಾನಾಗಿಯೇ ಹಿಂತಿರುಗಿ ಬರುತ್ತದೆ ಅನ್ನುವ ಹಾಗಿಲ್ಲ. ಎಂಟು ವಾರ ಬಿಡದೆ ಮಾಡಿಯೂ ಅಳತೆಯೂ ನೋವೂ ಎರಡೂ ಅಲುಗದಿದ್ದರೆ ಕಾರಣ ಬೇರೆ ಇರಬಹುದು. ಆಗ ಕಿವಿ ಮತ್ತು ತಲೆಸುತ್ತು ನೋಡುವ ತಜ್ಞರನ್ನು, ಪೆನ್ನು ದೂರದಲ್ಲೇ ಎರಡಾಗುತ್ತಿದ್ದರೆ ಕಣ್ಣಿನ ತಜ್ಞರನ್ನು ನೋಡಿ. ಹೋಗುವಾಗ ನೋಟ್‌ಬುಕ್ ಕೈಯಲ್ಲಿರಲಿ. ಯಾವ ದಿಕ್ಕಿಗೆ ತಿರುಗಿದಾಗ, ಕೂತಾಗಲೋ ಮಲಗಿದಾಗಲೋ, ಎಷ್ಟು ಸೆಕೆಂಡು ತಲೆ ಸುತ್ತಿತು ಅಂತ ಅದರಲ್ಲಿ ಬರೆದಿದ್ದರೆ ಅವರ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.